ಕ್ರಿಸ್‌ಮಸ್ ಕಾರ್ಯಕ್ರಮ, ಹಲವು ನಂಬಿಕೆಯ ಜನ: ಯಾರಿಗೂ ಇರಿಸುಮುರಿಸಾಗದಂತೆ ನಡೆಸುವುದು ಹೇಗೆ?

ಬೇರೆ ಬೇರೆ ಧರ್ಮದವರು ಒಂದೇ ಕಚೇರಿಯಲ್ಲೋ ಶಾಲೆಯಲ್ಲೋ ಒಂದೇ ಸೂರಿನಡಿಯೋ ಇರುವ ಕಡೆ ಡಿಸೆಂಬರ್‌ನಲ್ಲಿ ಮನಸ್ತಾಪ ಹುಟ್ಟುವುದು ದೇವರ ಕುರಿತ ಚರ್ಚೆಯಿಂದ ಅಲ್ಲವೇ ಅಲ್ಲ. ಕೇಳದೆಯೇ ಹೆಸರು ಸೇರಿಸಿದ ಉಡುಗೊರೆ ಪಟ್ಟಿ, ರಮ್ ಇದೆ ಎಂದು ಹೇಳದೆ ಹಂಚಿದ ಕೇಕ್, ಎಲ್ಲರ ತಲೆಗೂ ಕೆಂಪು ಟೋಪಿ ಹಾಕಿಸಿ ತೆಗೆದು ಗ್ರೂಪಿಗೆ ಹಾಕಿದ ಫೋಟೊ, ಇಂಥವು ಸಾಕು. ಯಾರೂ ನೋಯಿಸಬೇಕೆಂದು ಮಾಡಿದ್ದಲ್ಲ. ಆದರೂ ನೋವಾಗುತ್ತದೆ, ಮತ್ತು ನೋವಾದವರು ಹೆಚ್ಚಾಗಿ ಬಾಯಿ ಬಿಡುವುದಿಲ್ಲ. ಮುಂದಿನ ವರ್ಷ ಆ ದಿನ ರಜೆ ಹಾಕಿಬಿಡುತ್ತಾರೆ, ಅಷ್ಟೆ.

ಹಾಗಾಗಿ ಏರ್ಪಾಟು ಮಾಡುವವರು ಒಂದು ಅಳತೆಗೋಲು ಇಟ್ಟುಕೊಂಡರೆ ಒಳ್ಳೆಯದು: ಸೇರುವುದು ಎಷ್ಟು ಸುಲಭವೋ, ಸೇರದೆ ಇರುವುದೂ ಅಷ್ಟೇ ಸುಲಭವಾಗಿರಬೇಕು. ಕಾರಣ ಹೇಳಬೇಕಾದ ಪ್ರಸಂಗ ಯಾರಿಗೂ ಬರಬಾರದು. ಇದಕ್ಕಾಗಿ ಹಬ್ಬವನ್ನು ತೆಳ್ಳಗೆ ಮಾಡುವ, ಮುಚ್ಚಿಡುವ ಅಗತ್ಯ ಇಲ್ಲ.

ಮೊದಲು ಹೆಸರು ಸರಿಯಾಗಿ ಇಡಿ

ಇದು ಕ್ರಿಸ್‌ಮಸ್ ಆಚರಣೆಯೋ, ವರ್ಷದ ಕೊನೆಯ ಕೂಟವೋ? ಏರ್ಪಾಟು ಶುರುವಾಗುವ ಮೊದಲೇ ತೀರ್ಮಾನಿಸಿ. ‘ವರ್ಷಾಂತ್ಯದ ಕೂಟ’ ಎಂದು ಆಹ್ವಾನ ಕಳಿಸಿ, ಬಾಗಿಲಲ್ಲಿ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಗೊಂಬೆ ಮಾದರಿ), ಒಳಗೆ ಕ್ಯಾರಲ್ ಎಂಬ ಹಬ್ಬದ ಹಾಡುಗಳ ಗಾಯನ, ಮಧ್ಯೆ ಪ್ರಾರ್ಥನೆ ಇಟ್ಟರೆ ಬಂದವರಿಗೆ ಮೋಸಹೋದ ಹಾಗೆ ಅನ್ನಿಸುತ್ತದೆ. ಉಲ್ಟಾ ತಪ್ಪೂ ಇದೆ. ಯೇಸುವಿನ ಹೆಸರನ್ನೇ ಎತ್ತದೆ ಮರ, ಗಂಟೆ, ಹಿಮಸಾರಂಗ ಇಷ್ಟನ್ನೇ ಇಟ್ಟು ‘ಕ್ರಿಸ್‌ಮಸ್ ಆಚರಿಸಿದೆವು’ ಎಂದರೆ, ಭಕ್ತಿಯಿಂದ ಹಬ್ಬ ಮಾಡುವ ಕ್ರೈಸ್ತರಿಗೆ ಅದು ಅಲಂಕಾರದ ಆಟವಾಗಿ ಕಾಣುತ್ತದೆ.

ಕ್ರಿಸ್‌ಮಸ್ ಆದರೆ ಕ್ರಿಸ್‌ಮಸ್ ಎಂದೇ ಹೇಳಿ, ಬರುವುದು ಐಚ್ಛಿಕ ಮಾಡಿ. ಎಲ್ಲರೂ ಬರಲೇಬೇಕಾದ ಕೂಟವಾದರೆ, ಅಂದರೆ ಬಹುಮಾನ ವಿತರಣೆ, ಮುಂದಿನ ವರ್ಷದ ಘೋಷಣೆ ಇಂಥವು ಇದ್ದರೆ, ಪ್ರಾರ್ಥನೆ ಮತ್ತು ಭಕ್ತಿಗೀತೆ ಅದರಲ್ಲಿ ಬೇಡ. ಎರಡೂ ಬೇಕಿದ್ದರೆ ಎರಡು ಹೊತ್ತಿಗೆ ಇಡಿ, ನಡುವೆ ಅರ್ಧ ಗಂಟೆ ಬಿಡುವು ಕೊಡಿ. ಒಂದೇ ಸಭಾಂಗಣದಲ್ಲಿ ಬಿಡುವಿಲ್ಲದೆ ನಡೆಸಿದರೆ ಎದ್ದು ಹೋಗುವವರು ಎಲ್ಲರ ಕಣ್ಣಿಗೆ ಬೀಳುತ್ತಾರೆ.

ಯಾರು ಏನು ನಂಬುತ್ತಾರೆ: ತಿಳಿದಿರಬೇಕಾದಷ್ಟು

ಎಲ್ಲ ಧರ್ಮಗಳ ಪಂಡಿತರಾಗಬೇಕಿಲ್ಲ. ಆದರೆ ಕೆಲವು ಸಂಗತಿ ಗೊತ್ತಿಲ್ಲದಿದ್ದರೆ ಎಡವುವುದು ಖಂಡಿತ.

‘ಕ್ರೈಸ್ತರೆಲ್ಲ ಕ್ರಿಸ್‌ಮಸ್ ಮಾಡುತ್ತಾರೆ’ ಎಂಬುದೇ ಮೊದಲ ತಪ್ಪು ಊಹೆ. ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಗಡದವರು ಕ್ರಿಸ್‌ಮಸ್ ಆಚರಿಸುವುದಿಲ್ಲ, ಹುಟ್ಟುಹಬ್ಬವನ್ನೂ ಆಚರಿಸುವುದಿಲ್ಲ. ಬೈಬಲ್ ಹೇಳದ ಹಬ್ಬ ಎಂಬ ಕಾರಣಕ್ಕೆ ದೂರ ಇರುವ ಪ್ರೊಟೆಸ್ಟೆಂಟ್ ಸಭೆಗಳೂ (ಚರ್ಚಿನ ಪಂಗಡಗಳೂ) ಇವೆ. ಇದು ಹೊಸ ನಿಲುವೇನಲ್ಲ: ಅಮೆರಿಕದ ಮ್ಯಾಸಚೂಸೆಟ್ಸ್ ವಸಾಹತಿನ ಪ್ಯೂರಿಟನ್ನರು (ಕಟ್ಟುನಿಟ್ಟಿನ ಪ್ರೊಟೆಸ್ಟೆಂಟರು) 1659ರಲ್ಲಿ ಕ್ರಿಸ್‌ಮಸ್ ಆಚರಣೆಗೆ ದಂಡವನ್ನೇ ವಿಧಿಸಿದ್ದರು, ಆ ಕಾನೂನು ರದ್ದಾದದ್ದು 1681ರಲ್ಲಿ.

ಇಸ್ಲಾಮಿನಲ್ಲಿ ಈಸಾ, ಅಂದರೆ ಯೇಸು, ಗೌರವಾನ್ವಿತ ಪ್ರವಾದಿ; ಕುರ್‌ಆನಿನ 19ನೇ ಅಧ್ಯಾಯಕ್ಕೆ ಅವರ ತಾಯಿ ಮರ್ಯಮ್ ಹೆಸರೇ ಇದೆ. ಆದರೆ ಈಸಾರನ್ನು ದೇವರ ಮಗ ಎಂದು ಒಪ್ಪುವುದಿಲ್ಲ. ಹಬ್ಬಕ್ಕೆ ಶುಭಾಶಯ ಹೇಳಬಹುದೇ ಎಂಬ ಬಗ್ಗೆ ಮುಸ್ಲಿಂ ವಿದ್ವಾಂಸರಲ್ಲೇ ಎರಡು ಅಭಿಪ್ರಾಯ ಇವೆ. ಒಬ್ಬರು ನಗುತ್ತಾ ಶುಭ ಕೋರಿದರು, ಇನ್ನೊಬ್ಬರು ಕೋರಲಿಲ್ಲ ಎಂದ ಮಾತ್ರಕ್ಕೆ ಎರಡನೆಯವರಿಗೆ ನಿಮ್ಮ ಮೇಲೆ ಮುನಿಸಿದೆ ಎಂದುಕೊಳ್ಳಬೇಡಿ.

ಹನುಕ್ಕಾ ‘ಯಹೂದಿಗಳ ಕ್ರಿಸ್‌ಮಸ್’ ಅಲ್ಲ. ಜೆರೂಸಲೇಮಿನ ದೇವಾಲಯವನ್ನು ಮತ್ತೆ ಪ್ರತಿಷ್ಠಾಪಿಸಿದ್ದರ ನೆನಪಿನ ಎಂಟು ದಿನಗಳ ಹಬ್ಬ ಅದು, ಕ್ರಿಸ್‌ಮಸ್‌ಗಿಂತ ಹಳೆಯದು. ಮರದ ಪಕ್ಕ ಒಂದು ಹನುಕ್ಕಾ ದೀಪ ಇಟ್ಟು ‘ನಿಮ್ಮದೂ ಆಯಿತಲ್ಲ’ ಎನ್ನುವುದು ತೋರಿಕೆಯ ಕೆಲಸ. ಯಹೂದಿ ಸಹೋದ್ಯೋಗಿ ತಾವಾಗಿ ಬೇಕೆಂದರೆ ಇಡಿ, ಆಗಲೂ ಒಂಬತ್ತು ದೀಪದ್ದನ್ನು ಇಡಿ; ಏಳು ಕವಲಿನದ್ದು ಬೇರೆ.

ಸಿಖ್ಖರಿಗೆ ಡಿಸೆಂಬರ್‌ನ ಕೊನೆಯ ದಿನಗಳು ಗುರು ಗೋವಿಂದ ಸಿಂಗರ ನಾಲ್ವರು ಮಕ್ಕಳು ಹುತಾತ್ಮರಾದ ಸ್ಮರಣೆಯ ಕಾಲ. ಆ ವಾರ ಎಷ್ಟೋ ಮನೆಗಳಲ್ಲಿ ಸಂಭ್ರಮ ಇಟ್ಟುಕೊಳ್ಳುವುದಿಲ್ಲ. ಹಿಂದೂಗಳಲ್ಲಿ ಹಲವರಿಗೆ ಡಿಸೆಂಬರ್ ಮಧ್ಯದಿಂದ ಧನುರ್ಮಾಸ; ಅಯ್ಯಪ್ಪ ಮಾಲೆ ಧರಿಸಿದವರು 41 ದಿನದ ವ್ರತದಲ್ಲಿರುತ್ತಾರೆ. ಕುಣಿಯಲು ಕರೆದರೆ ಬರುವುದಿಲ್ಲ, ಎಲ್ಲರಿಗೂ ಬಡಿಸಿದ್ದನ್ನು ತಿನ್ನುವುದಿಲ್ಲ. ಇದನ್ನು ‘ಬಿಗುಮಾನ’ ಎಂದುಕೊಳ್ಳುವವರಿಗೇನೂ ಕಡಿಮೆ ಇಲ್ಲ.

ದೇವರನ್ನೇ ನಂಬದವರಲ್ಲೂ ಒಂದೇ ತರದವರಿಲ್ಲ. ಮರ, ಉಡುಗೊರೆ, ಊಟಕ್ಕೆ ಖುಷಿಯಿಂದ ಬಂದು ಪ್ರಾರ್ಥನೆಗೆ ಮಾತ್ರ ಹೊರಗೆ ನಿಲ್ಲುವವರು ಇದ್ದಾರೆ, ಏನೂ ಬೇಡ ಎನ್ನುವವರೂ ಇದ್ದಾರೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಎಚ್ಚರಿಕೆ. ಹೆಸರು ನೋಡಿ ಧರ್ಮ, ಧರ್ಮ ನೋಡಿ ಅಭ್ಯಾಸ ಲೆಕ್ಕಹಾಕಬೇಡಿ. ಈ ತಿಳಿವಳಿಕೆ ಇರುವುದು ಸರಿಯಾದ ಪ್ರಶ್ನೆ ಕೇಳಲು, ಉತ್ತರವನ್ನು ನೀವೇ ಬರೆದುಕೊಳ್ಳಲು ಅಲ್ಲ.

ದಿನ ಗೊತ್ತುಮಾಡುವಾಗ

ಡಿಸೆಂಬರ್ 25 ಎಲ್ಲ ಕ್ರೈಸ್ತರ ದಿನವಲ್ಲ. ರಷ್ಯಾ, ಸರ್ಬಿಯಾ, ಜಾರ್ಜಿಯಾದ ಆರ್ಥೊಡಾಕ್ಸ್ (ಪೂರ್ವದ ಸಂಪ್ರದಾಯದ ಕ್ರೈಸ್ತ) ಸಭೆಗಳು, ಈಜಿಪ್ಟಿನ ಕಾಪ್ಟಿಕ್ ಸಭೆ, ಇಥಿಯೋಪಿಯಾದ ಸಭೆ ಜನವರಿ 7ರಂದು ಹಬ್ಬ ಮಾಡುತ್ತವೆ. ಹಳೆಯ ಜೂಲಿಯನ್ ಪದ್ಧತಿ ಈಗಿನ ಕ್ಯಾಲೆಂಡರಿಗಿಂತ 13 ದಿನ ಹಿಂದಿರುವುದೇ ರಷ್ಯಾದಂಥ ಸಭೆಗಳ ಈ ವ್ಯತ್ಯಾಸಕ್ಕೆ ಕಾರಣ. (2100ರಲ್ಲಿ ಅಂತರ 14 ದಿನವಾಗುವುದರಿಂದ, ಪದ್ಧತಿ ಬದಲಾಗದಿದ್ದರೆ 2101ರಲ್ಲಿ ಅವರ ಹಬ್ಬ ಜನವರಿ 8ಕ್ಕೆ ಬರಲಿದೆ.) ಅರ್ಮೇನಿಯಾದ ಅಪೋಸ್ತಲಿಕ ಸಭೆಗೆ ಜನವರಿ 6. ಗ್ರೀಸ್, ರೊಮೇನಿಯಾದ ಆರ್ಥೊಡಾಕ್ಸರು ಡಿಸೆಂಬರ್ 25ಕ್ಕೇ ಮಾಡುತ್ತಾರೆ, ಉಕ್ರೇನಿನ ಆರ್ಥೊಡಾಕ್ಸ್ ಸಭೆ 2023ರಲ್ಲಿ ಆ ದಿನಕ್ಕೆ ಬದಲಾಯಿತು. ‘ಆರ್ಥೊಡಾಕ್ಸ್’ ಎಂದ ತಕ್ಷಣ ಜನವರಿ ಎಂದು ಬರೆದುಕೊಳ್ಳದೆ ಅವರನ್ನೇ ಕೇಳಿ. ಜನವರಿ 7ಕ್ಕೆ ರಜೆ ಕೇಳಿದವರಿಗೆ ‘ಡಿಸೆಂಬರ್‌ನಲ್ಲಿ ಕೊಟ್ಟಾಯಿತಲ್ಲ’ ಎನ್ನುವುದು ರಜಾ ಪಟ್ಟಿ ನೋಡುವವರು ಮಾಡುವ ಮಾಮೂಲಿ ತಪ್ಪು.

ಹಬ್ಬದ ಮುಂಚಿನ ವಾರಗಳೂ ಮುಖ್ಯ. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕನೇ ಭಾನುವಾರ ಆಗಮನ ಕಾಲ ಆರಂಭ; 2026ರಲ್ಲಿ ಅದು ನವೆಂಬರ್ 29. ಅದು ಕಾಯುವಿಕೆಯ, ಸಿದ್ಧತೆಯ ಕಾಲ, ಹಬ್ಬ ಇನ್ನೂ ಬಂದಿರುವುದಿಲ್ಲ. ಆರ್ಥೊಡಾಕ್ಸರಲ್ಲಿ ಹಬ್ಬಕ್ಕೆ ಮುಂಚೆ 40 ದಿನದ ಉಪವಾಸ; ಮಾಂಸ, ಮೊಟ್ಟೆ, ಹಾಲಿನ ಪದಾರ್ಥ ಬಿಡುತ್ತಾರೆ. ಡಿಸೆಂಬರ್ 10ಕ್ಕೆ ನೀವು ಇಡುವ ‘ಕ್ರಿಸ್‌ಮಸ್ ಭೋಜನ’ ಅವರ ಉಪವಾಸದ ನಡುಮಧ್ಯದಲ್ಲಿ ಬೀಳುತ್ತದೆ. ಹಬ್ಬ ಮಾಡುವವರಿಗೇ ತಿನ್ನಲಾಗದ ಹಬ್ಬದೂಟ!

ವಾರದ ದಿನವನ್ನೂ ನೋಡಿ. ಶುಕ್ರವಾರ ಮಧ್ಯಾಹ್ನ ಮುಸ್ಲಿಮರ ಜುಮಾ ನಮಾಜು. ಅದೇ ದಿನ ಸೂರ್ಯಾಸ್ತಕ್ಕೆ ಮುಂಚೆ ಯಹೂದಿಗಳ ಸಬ್ಬತ್ ಆರಂಭ, ಶನಿವಾರ ಕತ್ತಲಾಗುವವರೆಗೆ ಧರ್ಮನಿಷ್ಠರು ವಾಹನ ಹತ್ತುವುದಿಲ್ಲ. ಕೂಟಗಳೆಲ್ಲ ಶುಕ್ರವಾರ ಸಂಜೆಗೇ ಬೀಳುವುದು ಕಚೇರಿಗಳಲ್ಲಿ ರೂಢಿ. ಬುಧವಾರವೋ ಗುರುವಾರವೋ ಇಟ್ಟರೆ ಎರಡು ಸಮಸ್ಯೆ ಒಟ್ಟಿಗೆ ತೀರುತ್ತವೆ. ಹನುಕ್ಕಾ ಪ್ರತಿವರ್ಷ ಸರಿಯುತ್ತದೆ: 2026ರಲ್ಲಿ ಡಿಸೆಂಬರ್ 4ರ ಸಂಜೆಯಿಂದ, 2027ರಲ್ಲಿ ಡಿಸೆಂಬರ್ 24ರ ಸಂಜೆಯಿಂದ. ರಂಜಾನ್ ತಿಂಗಳು ಪ್ರತಿವರ್ಷ ಸುಮಾರು 11 ದಿನ ಮುಂಚಿತವಾಗಿ ಬರುವುದರಿಂದ 2030ರ ಡಿಸೆಂಬರ್ ಕೊನೆಯಲ್ಲಿ ಅದೂ ಕ್ರಿಸ್‌ಮಸ್ ಹತ್ತಿರಕ್ಕೆ ಬರುತ್ತದೆ, ಆಗ ಹಗಲೂಟದ ಕೂಟಗಳನ್ನು ಬೇರೆ ರೀತಿ ಯೋಚಿಸಬೇಕಾದೀತು.

ಆಹ್ವಾನದಲ್ಲಿ ಏನಿರಬೇಕು

ಕನಿಷ್ಠ ಮೂರು ವಾರ ಮುಂಚೆ ಕಳಿಸಿ. ಏನೇನು ನಡೆಯುತ್ತದೆ, ಎಷ್ಟು ಹೊತ್ತಿಗೆ, ಅದರಲ್ಲಿ ಪ್ರಾರ್ಥನೆ ಯಾವುದು ಎಂಬುದು ಬಿಡಿಬಿಡಿಯಾಗಿರಲಿ. ಮಾದರಿ ಹೀಗಿರಬಹುದು:

‘ಡಿಸೆಂಬರ್ 17, ಗುರುವಾರ. 4ರಿಂದ 4.30: ಕ್ಯಾರಲ್ ಗಾಯನ ಮತ್ತು ಕಿರು ಪ್ರಾರ್ಥನೆ. 5ರಿಂದ 6.30: ಊಟ, ಆಟ. ಎರಡಕ್ಕೂ ಬರಬಹುದು, ಒಂದಕ್ಕೇ ಬರಬಹುದು, ಬರದೆಯೂ ಇರಬಹುದು. ಬರುವವರು ಮಾತ್ರ 10ನೇ ತಾರೀಖಿನೊಳಗೆ ಹೆಸರು ಕೊಡಿ. ಊಟದಲ್ಲಿ ಏನು ಬೇಡ ಎಂಬುದನ್ನೂ ಬರೆಯಿರಿ, ಕಾರಣ ಬೇಕಿಲ್ಲ.’

‘ಬರುವವರು ಮಾತ್ರ ಹೆಸರು ಕೊಡಿ’ ಎಂಬ ಸಾಲೇ ಇಲ್ಲಿ ಜೀವಾಳ. ‘ಬರಲಾಗದವರು ತಿಳಿಸಿ’ ಎಂದರೆ, ಹಬ್ಬ ಆಚರಿಸದವರು ಮುಂದೆ ಬಂದು ‘ಬೇಡ’ ಎನ್ನಬೇಕಾಗುತ್ತದೆ. ಆಮೇಲೆ ‘ಯಾಕೆ?’ ಬರುತ್ತದೆ. ಚಂದಾ ಎತ್ತುವುದಿದ್ದರೂ ಇದೇ ನಿಯಮ: ಮೇಜಿನಿಂದ ಮೇಜಿಗೆ ಪಟ್ಟಿ ಹಿಡಿದು ಹೋಗಬೇಡಿ, ಯಾರು ಎಷ್ಟು ಕೊಟ್ಟರು ಎಂದು ಕಾಣುವ ಹಾಳೆ ಬೇಡ. ದಾನಕ್ಕಾಗಿ ಎತ್ತುವ ಹಣವಾದರೆ ಅದು ಯಾವ ಸಂಸ್ಥೆಗೆ, ಯಾವ ಕೆಲಸಕ್ಕೆ ಹೋಗುತ್ತದೆ ಎಂದು ಬರೆಯಿರಿ. ಧರ್ಮಪ್ರಚಾರವೂ ಆ ಸಂಸ್ಥೆಯ ಕೆಲಸವಾಗಿದ್ದರೆ ಅದನ್ನೂ ಮುಂಚೆಯೇ ಹೇಳಬೇಕು, ಕೊಟ್ಟ ಮೇಲೆ ತಿಳಿದರೆ ವಿಶ್ವಾಸ ಹೋಗುತ್ತದೆ.

ಬರುವುದಿಲ್ಲ ಎಂದವರಿಗೆ ಒಮ್ಮೆ ಕರೆದದ್ದು ಸಾಕು. ‘ಸುಮ್ಮನೆ ಐದು ನಿಮಿಷ ಬಂದು ಹೋಗಿ’ ಎಂದು ಎಳೆಯುವುದನ್ನು ನಾವು ಆತ್ಮೀಯತೆ ಎಂದುಕೊಳ್ಳುತ್ತೇವೆ. ಮೇಲಧಿಕಾರಿ ಹೀಗೆ ಕರೆದರೆ ಅದು ಒತ್ತಾಯವೇ.

ಊಟ: ಹೆಚ್ಚು ತಪ್ಪಾಗುವ ಜಾಗ

ಮೊದಲಿಗೆ ಕೇಕ್. ‘ಬೇಯಿಸುವಾಗ ಮದ್ಯ ಹಾರಿಹೋಗುತ್ತದೆ’ ಎಂಬ ನಂಬಿಕೆ ಎಲ್ಲೆಡೆ ಇದೆ, ಅದು ನಿಜವಲ್ಲ. ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯ ಪ್ರಕಾರ, ಹಿಟ್ಟಿಗೆ ಬೆರೆಸಿ ಒಂದು ಗಂಟೆ ಬೇಯಿಸಿದರೂ ಸುಮಾರು 25 ಶೇಕಡಾ ಮದ್ಯಸಾರ ಉಳಿಯುತ್ತದೆ, ಎರಡೂವರೆ ಗಂಟೆ ಬೇಯಿಸಿದರೂ 5 ಶೇಕಡಾ. ಬೆಂದ ಕೇಕಿನ ಮೇಲೆ ರಮ್ಮು, ಬ್ರಾಂದಿ ಚಿಮುಕಿಸುವವರೂ ಇದ್ದಾರೆ, ಅದನ್ನು ಮತ್ತೆ ಬೇಯಿಸುವುದೇ ಇಲ್ಲ. ಮದ್ಯ ನಿಷಿದ್ಧ ಎನ್ನುವವರಿಗೆ ಪ್ರಮಾಣ ಮುಖ್ಯವೂ ಅಲ್ಲ. ಒಣಹಣ್ಣನ್ನು ರಮ್ಮಿನ ಬದಲು ಕಿತ್ತಳೆ ರಸದಲ್ಲೋ ಸೇಬಿನ ರಸದಲ್ಲೋ ನೆನೆಸಿ ಒಂದು ಕೇಕ್ ಬೇರೆ ಮಾಡಿಸಿ. ರಸದಲ್ಲಿ ನೆನೆಸಿದ್ದು ವಾರಗಟ್ಟಲೆ ಹೊರಗಿಟ್ಟರೆ ಹುಳಿಯುತ್ತದೆ. ಒಂದು ರಾತ್ರಿ ಫ್ರಿಜ್ಜಿನಲ್ಲಿ ನೆನೆದರೆ ಸಾಕು.

ಕಣ್ಣಿಗೆ ಕಾಣದವು ಇನ್ನೂ ಇವೆ. ಮಾರ್ಷ್‌ಮ್ಯಾಲೊ, ಜೆಲ್ಲಿ ಮಿಠಾಯಿಗಳಲ್ಲಿ ಜೆಲಟಿನ್ ಇರುತ್ತದೆ; ಅದು ಹಂದಿಯ ಅಥವಾ ದನದ ಚರ್ಮ, ಮೂಳೆಯಿಂದ ಬರುವಂಥದ್ದು. ಒಬ್ಬರಿಗೆ ಹಂದಿ ವರ್ಜ್ಯ, ಇನ್ನೊಬ್ಬರಿಗೆ ದನ. ಪೊಟ್ಟಣದ ಮೇಲೆ ಅಗರ್ ಅಥವಾ ಪೆಕ್ಟಿನ್ ಎಂದಿದ್ದರೆ ಅದು ಸಸ್ಯಮೂಲದ್ದು. ಕೆಂಪು ಐಸಿಂಗ್, ಕೆಂಪು ಮಿಠಾಯಿಯಲ್ಲಿ ಇ120 ಎಂಬ ಸಂಖ್ಯೆ ಕಂಡರೆ ಅದು ಕೀಟದಿಂದ ತೆಗೆದ ಬಣ್ಣ. ಗಟ್ಟಿಯಾಗುವ ಬಿಳಿ ಐಸಿಂಗ್‌ನಲ್ಲಿ ಮೊಟ್ಟೆಯ ಬಿಳಿ ಇರುತ್ತದೆ. ಕೆಲವು ಚೀಸ್‌ಗಳಿಗೆ ಕರುವಿನ ಜಠರದ ಕಿಣ್ವ ಹಾಕುತ್ತಾರೆ.

ಎಲ್ಲರ ಪಥ್ಯಕ್ಕೂ ಒಂದೊಂದು ತಿನಿಸು ಮಾಡಲು ಹೋದರೆ ಕೆಟ್ಟಿರಿ. ಹೀಗೆ ಮಾಡಿ: ಪ್ರಾಣಿಮೂಲದ ಏನೂ ಇಲ್ಲದ, ಮದ್ಯ ತಾಕದ, ಈರುಳ್ಳಿ ಬೆಳ್ಳುಳ್ಳಿ ಗಡ್ಡೆಗೆಣಸು ಬಳಸದ ಎರಡು ಖಾದ್ಯ, ಒಂದು ಸಿಹಿ ಇರಲಿ. ಉಪವಾಸದ ಆರ್ಥೊಡಾಕ್ಸರು, ಸಸ್ಯಾಹಾರಿಗಳು, ಜೈನರು, ಮುಸ್ಲಿಮರು ಬಹುಪಾಲು ಅದನ್ನೇ ತಿನ್ನಬಲ್ಲರು. ಕೋಷರ್ ಎಂಬ ತಮ್ಮ ಆಹಾರ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸುವ ಯಹೂದಿಗಳಿಗೆ ಇದೂ ಸಾಲದು. ಅಲ್ಲಿ ಪದಾರ್ಥದ ಜೊತೆಗೆ ಪಾತ್ರೆ, ಒಲೆಯ ಪ್ರಶ್ನೆಯೂ ಇದೆ. ಪ್ರಮಾಣಪತ್ರದ ಮುದ್ರೆ ಇರುವ, ಬಿಚ್ಚದ ಪೊಟ್ಟಣ ಮತ್ತು ಹೊಸ ಕಾಗದದ ತಟ್ಟೆ ಕೊಡಿ. ಹಾಗೆಯೇ ಹಲಾಲ್ ಎಂದರೆ ‘ಹಂದಿ ಇಲ್ಲ’ ಎಂದಷ್ಟೇ ಅರ್ಥವಲ್ಲ. ಮಾಂಸ ಎಲ್ಲಿಂದ ಬಂತು ಎಂದು ಹೇಳಲಾಗದಿದ್ದರೆ ಅದನ್ನು ಹಲಾಲ್ ಎಂದು ಬರೆಯಬೇಡಿ.

ಸೂರ್ಯಾಸ್ತದ ನಂತರ ಉಣ್ಣದ ಜೈನರಿದ್ದರೆ ರಾತ್ರಿ 8ರ ಊಟಕ್ಕೆ ಅವರನ್ನು ಕರೆದು ಪ್ರಯೋಜನವಿಲ್ಲ. ಮೇಲಿನ ಮಾದರಿಯಲ್ಲಿ ಊಟ 5ಕ್ಕೆ ಇಟ್ಟದ್ದು ಅದಕ್ಕೇ. ಸೂರ್ಯ ಇನ್ನೂ ಬೇಗ ಮುಳುಗುವ ಜಾಗದಲ್ಲಿ ಮಧ್ಯಾಹ್ನಕ್ಕೇ ಇಡಿ.

ಪ್ರತಿ ಪಾತ್ರೆಯ ಮುಂದೆ ಚೀಟಿ ಇಡಿ. ‘ವೆಜ್’, ‘ನಾನ್‌ವೆಜ್’ ಎಂದಷ್ಟೇ ಬರೆದರೆ ಸಾಲದು: ಯಾವ ಮಾಂಸ, ಮೊಟ್ಟೆ ಇದೆಯೇ, ಹಾಲು ಇದೆಯೇ, ಮದ್ಯ, ಜೆಲಟಿನ್, ಬೀಜಗಳು. ಪ್ರತಿ ಪಾತ್ರೆಗೂ ಪ್ರತ್ಯೇಕ ಸೌಟು. ಮಾಂಸದ ಪಾತ್ರೆಗಳು ಬೇರೆ ಮೇಜಿನಲ್ಲಿರಲಿ. ಒಂದೇ ಮೇಜಿನಲ್ಲಿ ಸಾಲಾಗಿ ಇಟ್ಟರೆ ಅರ್ಧ ಗಂಟೆಯೊಳಗೆ ಸೌಟುಗಳು ಅದಲುಬದಲಾಗಿರುತ್ತವೆ, ಒಮ್ಮೆ ಆಯಿತೆಂದರೆ ಆ ಖಾದ್ಯ ಅವರ ಪಾಲಿಗೆ ಮುಗಿಯಿತು. ಸಸ್ಯಾಹಾರಿಗಳು 10 ಮಂದಿ ಇದ್ದರೆ 15 ಮಂದಿಗಾಗುವಷ್ಟು ಮಾಡಿಸಿ, ಯಾಕೆಂದರೆ ಉಳಿದವರೂ ಅದನ್ನು ಬಡಿಸಿಕೊಳ್ಳುತ್ತಾರೆ. ಪಥ್ಯ ಇರುವವರು ಮೊದಲ ಸರದಿಯಲ್ಲಿ ಬಡಿಸಿಕೊಳ್ಳಲಿ.

ಲೋಟ ಎತ್ತಿ ಶುಭ ಕೋರುವ ಪದ್ಧತಿ ಇದ್ದರೆ ಹಣ್ಣಿನ ರಸವನ್ನೂ ಅದೇ ತರದ ಲೋಟದಲ್ಲಿ ಕೊಡಿ. ಕುಡಿಯದವರನ್ನು ಲೋಟದಿಂದಲೇ ಗುರುತಿಸುವಂತಾಗಬಾರದು.

ಅಲಂಕಾರ ಮತ್ತು ಉಡುಗೊರೆ

ಮರ, ದೀಪ, ನಕ್ಷತ್ರಗಳನ್ನು ಬಹಳ ಜನ ಧಾರ್ಮಿಕವಲ್ಲದ ಅಲಂಕಾರವಾಗಿ ನೋಡುತ್ತಾರೆ. ಶಿಲುಬೆ, ಗೋದಲಿ ಹಾಗಲ್ಲ. ಎಲ್ಲರೂ ಬಳಸುವ ಜಾಗಕ್ಕೆ ಮೊದಲನೆಯವು, ಆಚರಿಸುವವರ ಸ್ವಂತ ಮೇಜು, ಕೋಣೆ, ಬಾಗಿಲಿಗೆ ಎರಡನೆಯವು ಎಂಬ ವಿಂಗಡಣೆ ಸಾಮಾನ್ಯವಾಗಿ ಸಾಕಾಗುತ್ತದೆ. ಅಲಂಕರಿಸುವ ಕೆಲಸವನ್ನು ಯಾರಿಗೂ ಪಾಳಿ ಹಾಕಿ ಒಪ್ಪಿಸಬೇಡಿ.

ಗೋದಲಿ ಇಡುವವರಿಗೆ ಅದು ಪೂಜ್ಯ. ಚಪ್ಪಲಿ ಬಿಡುವ ಜಾಗದಲ್ಲಿ ಬೇಡ, ಅದರ ಅಂಚಿನ ಮೇಲೆ ಕಾಫಿ ಲೋಟ ಇಡಬೇಡಿ. ಮಧ್ಯದ ಮೇವಿನ ತೊಟ್ಟಿ ಖಾಲಿ ಕಂಡರೆ ಗೊಂಬೆ ಕಳೆದುಹೋಗಿದೆ ಎಂದು ಹುಡುಕಿ ತಂದು ಇಡುವುದೂ ಬೇಡ. ಬಾಲಯೇಸುವನ್ನು 24ರ ರಾತ್ರಿಯವರೆಗೆ ಇಡದಿರುವುದು ಅನೇಕ ಮನೆಗಳ ಪದ್ಧತಿ, ಮೂವರು ಜ್ಞಾನಿಗಳು ಜನವರಿ 6ಕ್ಕೆ ಬಂದು ಸೇರುತ್ತಾರೆ. ಅಲ್ಲಿಯವರೆಗೂ ಅಲಂಕಾರ ತೆಗೆಯದವರಿಗೆ ‘ಹಬ್ಬ ಮುಗಿಯಿತಲ್ಲ, ಇನ್ನೂ ಯಾಕೆ?’ ಎಂದು ಕೇಳುವುದು ಅನವಶ್ಯಕ.

ಚೀಟಿ ಎತ್ತಿ ಗುಟ್ಟಾಗಿ ಉಡುಗೊರೆ ಕೊಡುವ ಸೀಕ್ರೆಟ್ ಸಾಂತಾ ಆಟಕ್ಕೂ ಹೆಸರು ಕೊಟ್ಟವರನ್ನು ಮಾತ್ರ ಸೇರಿಸಿ. ಮೊತ್ತದ ಮಿತಿ ಮುಂಚೆಯೇ ಹೇಳಿ. ಯಾರಿಗೆ ಎಂದು ಗೊತ್ತಿಲ್ಲದೆ ಕೊಳ್ಳುವ ಉಡುಗೊರೆಯಲ್ಲಿ ಮದ್ಯ, ಚರ್ಮದ ವಸ್ತು, ಧರ್ಮಗ್ರಂಥ, ದೇವರ ಮೂರ್ತಿ, ಶಿಲುಬೆ ಇವು ಬೇಡ. ಗಿಡದ ಕುಂಡ, ಬರೆಯುವ ಪುಸ್ತಕ, ಪೆನ್ನು, ಶಾಲು ಇಂಥವು ಯಾರಿಗೂ ತೊಡಕಾಗುವುದಿಲ್ಲ. ಯೆಹೋವನ ಸಾಕ್ಷಿಗಳಾದ ಗೆಳೆಯರಿಗೆ ಕೊಡುವ ಮನಸ್ಸಿದ್ದರೆ ಹಬ್ಬದ ನೆಪವಿಲ್ಲದೆ ಬೇರೆ ದಿನ ಕೊಡಿ. ಬೇಡವೆನ್ನುವುದು ಹಬ್ಬದ ಉಡುಗೊರೆಯನ್ನು; ಕೊಟ್ಟವರ ಪ್ರೀತಿಯನ್ನು ಅಲ್ಲ.

ಬೇರೆ ಧರ್ಮದವರು ಚರ್ಚಿಗೆ ಹೋಗುವಾಗ

‘ಮಧ್ಯರಾತ್ರಿಯ ಬಲಿಪೂಜೆ’ (ಕಥೋಲಿಕರ ಮುಖ್ಯ ಆರಾಧನೆ) ಎಲ್ಲ ಕಡೆ 12 ಗಂಟೆಗೇ ಇರುವುದಿಲ್ಲ, ಸಂಜೆಗೋ ರಾತ್ರಿ 10ಕ್ಕೋ ಇರಬಹುದು. ಮೊದಲೇ ವಿಚಾರಿಸಿ, 20 ನಿಮಿಷ ಮುಂಚೆ ತಲುಪಿ. ಆ ರಾತ್ರಿ ಜಾಗ ಸಿಗುವುದು ಕಷ್ಟ, ತಡವಾಗಿ ಬಂದವರು ಮುಂದಿನ ಸಾಲಿಗೆ ಹೋಗಬೇಕಾಗುತ್ತದೆ. ಹೊಸಬರಿಗೆ ಹಿಂದಿನ ಸಾಲೇ ಅನುಕೂಲ, ಏಳುವುದು ಕೂರುವುದನ್ನು ನೋಡಿ ಅನುಸರಿಸಬಹುದು. ಭುಜ, ಮೊಣಕಾಲು ಮುಚ್ಚುವ ಉಡುಪು ಎಲ್ಲೆಡೆ ಸಲ್ಲುತ್ತದೆ. ಕೆಲವು ಸಭೆಗಳಲ್ಲಿ ಚಪ್ಪಲಿ ಹೊರಗೆ ಬಿಡಬೇಕು, ಹೆಂಗಸರು ತಲೆಗೆ ಸೆರಗೋ ದುಪಟ್ಟಾವೋ ಹೊದೆಯುತ್ತಾರೆ.

ಎಲ್ಲರೂ ನಿಂತಾಗ ನಿಲ್ಲುವುದು ಮರ್ಯಾದೆ. ಮೊಣಕಾಲೂರಬೇಕಿಲ್ಲ, ಸುಮ್ಮನೆ ಕೂತಿರಿ. ಶಿಲುಬೆ ಗುರುತು ಹಾಕಿಕೊಳ್ಳುವುದು, ವಿಶ್ವಾಸ ಪ್ರಮಾಣ ಹೇಳುವುದು, ಹಾಡುವುದು ಯಾವುದೂ ನಿಮ್ಮ ಮೇಲೆ ಕಡ್ಡಾಯವಲ್ಲ. ನಂಬದ ಮಾತನ್ನು ಬಾಯಲ್ಲಿ ಹೇಳುವುದಕ್ಕಿಂತ ಮೌನವೇ ಅವರಿಗೂ ನಿಮಗೂ ಗೌರವ. ಕಾಣಿಕೆಯ ತಟ್ಟೆ ಬಂದರೆ ಹಾಕಬಹುದು, ಹಾಕದೆ ಪಕ್ಕದವರಿಗೆ ದಾಟಿಸಬಹುದು. ‘ಶಾಂತಿ’ ಕೋರುವ ಹೊತ್ತಿನಲ್ಲಿ ಅಕ್ಕಪಕ್ಕದವರು ಕೈ ಚಾಚಿದರೆ ಕುಲುಕಿ, ಮುಟ್ಟಲು ಮುಜುಗರವಿದ್ದರೆ ಕೈ ಮುಗಿದರೆ ಸಾಕು.

ನಿಜವಾಗಿ ಎಚ್ಚರ ಬೇಕಾದದ್ದು ಪರಮಪ್ರಸಾದದ, ಅಂದರೆ ಪಾದ್ರಿ ಪವಿತ್ರ ರೊಟ್ಟಿ ಕೊಡುವ ಹೊತ್ತಿನಲ್ಲಿ. ಕಥೋಲಿಕರಿಗೆ ಅದು ಯೇಸುವಿನ ದೇಹ. ಅದನ್ನು ಎಲ್ಲರಿಗೂ ಹಂಚುವ ಪ್ರಸಾದ ಎಂದು ತಿಳಿದು ಕೈ ಚಾಚುವುದು, ಸಿಕ್ಕಿದ್ದನ್ನು ಜೇಬಿಗೆ ಹಾಕಿಕೊಂಡು ಮನೆಗೆ ತರುವುದು ದೊಡ್ಡ ಅಪಚಾರ. ಸಾಲಿನವರೆಲ್ಲ ಎದ್ದು ಹೊರಟಾಗ ನೀವು ಎದ್ದು ಪಕ್ಕಕ್ಕೆ ಸರಿದು ಅವರಿಗೆ ದಾರಿ ಬಿಟ್ಟು, ಮತ್ತೆ ಕೂತರೆ ಆಯಿತು. ಯಾರೂ ತಪ್ಪು ತಿಳಿಯುವುದಿಲ್ಲ. ಎಷ್ಟೋ ಕಥೋಲಿಕ, ಆಂಗ್ಲಿಕನ್ ಚರ್ಚುಗಳಲ್ಲಿ ಎದೆಯ ಮೇಲೆ ಕೈಗಳನ್ನು ಅಡ್ಡ ಇಟ್ಟುಕೊಂಡು ಹೋದರೆ ಪ್ರಸಾದ ಕೊಡದೆ ಆಶೀರ್ವದಿಸುತ್ತಾರೆ. ಆದರೆ ಆರ್ಥೊಡಾಕ್ಸ್ ಚರ್ಚಿನಲ್ಲಿ ಕೈ ಅಡ್ಡ ಇಟ್ಟುಕೊಂಡು ಬಂದರೆ ‘ನನಗೆ ಪ್ರಸಾದ ಬೇಕು’ ಎಂದೇ ಅರ್ಥ! ಒಂದೇ ಸನ್ನೆಗೆ ಎರಡು ಕಡೆ ವಿರುದ್ಧ ಅರ್ಥ. ಗೊತ್ತಿಲ್ಲದಿದ್ದರೆ ಕೂತಿರುವುದೇ ಸರಿ. ಕೆಲವು ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಕರ್ತನ ಭೋಜನಕ್ಕೆ (ಪರಮಪ್ರಸಾದಕ್ಕೆ ಅವರಲ್ಲಿರುವ ಹೆಸರು) ಎಲ್ಲರನ್ನೂ ಕರೆಯುತ್ತಾರೆ, ಆಗಲೂ ಹೋಗದಿರುವ ಸ್ವಾತಂತ್ರ್ಯ ನಿಮ್ಮದು.

ಫೋಟೊ ಬೇಕಿದ್ದರೆ ಪೂಜೆ ಮುಗಿದ ಮೇಲೆ, ಕೇಳಿಕೊಂಡು. ಕರೆದುಕೊಂಡು ಹೋಗುವ ಕ್ರೈಸ್ತ ಸ್ನೇಹಿತರು ಇದನ್ನೆಲ್ಲ ಮುಂಚೆಯೇ ಹೇಳಿಕೊಡಬೇಕು, ಮತ್ತು ಆ ಭೇಟಿಯನ್ನೇ ಹಿಡಿದು ‘ಮುಂದಿನ ಭಾನುವಾರವೂ ಬನ್ನಿ’ ಎಂದು ಬೆನ್ನುಹತ್ತಬಾರದು.

ಶಾಲೆಯಲ್ಲಿ

ಕ್ರಿಸ್‌ಮಸ್ ಬಗ್ಗೆ ಕಲಿಸುವುದು ಬೇರೆ, ಮಕ್ಕಳಿಂದ ಆರಾಧನೆ ಮಾಡಿಸುವುದು ಬೇರೆ. ‘ಯೇಸು ದೇವರ ಮಗನೆಂದು ಕ್ರೈಸ್ತರು ನಂಬುತ್ತಾರೆ’ ಎಂಬುದು ಪಾಠ, ‘ನಮ್ಮ ರಕ್ಷಕ ಹುಟ್ಟಿದ’ ಎಂದು ಎಲ್ಲರಿಂದ ಹೇಳಿಸುವುದು ಪ್ರಾರ್ಥನೆ.

ನಾಟಕ, ಗಾಯನ ಇದ್ದರೆ ಹಾಡುಗಳ ಪೂರ್ಣ ಸಾಹಿತ್ಯವನ್ನು ಮೂರು ವಾರ ಮುಂಚೆ ಪೋಷಕರಿಗೆ ಕಳಿಸಿ, ಯಾವುದು ಭಕ್ತಿಗೀತೆ ಎಂದು ಗುರುತು ಹಾಕಿ. ಪ್ರವಾದಿಗಳ ಪಾತ್ರ ಮಾಡುವುದನ್ನು ಮುಸ್ಲಿಂ ಕುಟುಂಬಗಳಲ್ಲಿ ಅನೇಕರು ಒಪ್ಪುವುದಿಲ್ಲ, ಈಸಾ ಪ್ರವಾದಿಯೇ. ಆದ್ದರಿಂದ ಪಾತ್ರ ಹಂಚುವ ಮುಂಚೆ ಕೇಳಿ. ಕುರುಬ, ನಕ್ಷತ್ರ, ನಿರೂಪಕ, ಬೆಳಕಿನ ಕೆಲಸ ಎಂದರೆ ಒಪ್ಪುವವರು ಹೆಚ್ಚು. ಯೆಹೋವನ ಸಾಕ್ಷಿ ಕುಟುಂಬಗಳು ನಾಟಕವನ್ನಷ್ಟೇ ಅಲ್ಲ, ಮರಕ್ಕೆ ಬಣ್ಣ ಹಚ್ಚುವ ಚಟುವಟಿಕೆಯನ್ನೂ ಬೇಡ ಎನ್ನಬಹುದು. ಆ ಮಗುವಿಗೆ ಕೊಡುವ ಬದಲಿ ಕೆಲಸ ಅಷ್ಟೇ ಖುಷಿಯದ್ದಾಗಿರಲಿ. ಕಾರಿಡಾರಿನಲ್ಲಿ ಒಂಟಿಯಾಗಿ ಕೂರಿಸಿ ಲೆಕ್ಕ ಮಾಡಿಸಿದರೆ ಅದಕ್ಕೆ ಶಿಕ್ಷೆ ಎಂದೇ ಹೆಸರು.

ಸಾಂತಾ ಬಗ್ಗೆ ಶಿಕ್ಷಕರು ಇದ್ದಾನೆಂದೂ ಇಲ್ಲವೆಂದೂ ಹೇಳಬಾರದು. ನಂಬುವ ಮಗುವೂ ನಂಬದ ಮನೆಯ ಮಗುವೂ ಅಕ್ಕಪಕ್ಕ ಕೂತಿರುತ್ತವೆ. 4ನೇ ಶತಮಾನದಲ್ಲಿ ಈಗಿನ ಟರ್ಕಿಯ ಮೈರಾ ಎಂಬಲ್ಲಿ ಬಿಷಪರಾಗಿದ್ದ ಸಂತ ನಿಕೋಲಾಸರ ಕಥೆ ಹೇಳಿದರೆ ಆ ಇಕ್ಕಟ್ಟಿನಿಂದ ಪಾರು. ‘ಸಾಂತಾ ನಿನಗೇನು ತಂದ?’ ಎಂದು ರಜೆ ಮುಗಿದು ಬಂದ ಮಕ್ಕಳನ್ನು ಸಾಲಾಗಿ ಕೇಳಬೇಡಿ. ‘ರಜೆಯಲ್ಲಿ ಏನು ಮಾಡಿದೆ?’ ಎಂದರೆ ಎಲ್ಲರಿಗೂ ಉತ್ತರ ಇರುತ್ತದೆ.

ಮನೆಯೊಳಗೇ ಎರಡು ನಂಬಿಕೆ ಇದ್ದಾಗ

ನವೆಂಬರ್ ಮಧ್ಯದೊಳಗೆ ಗಂಡ ಹೆಂಡತಿ ಇಬ್ಬರೇ ಕೂತು ಮಾತಾಡಿ, ಅತ್ತೆಮಾವ ಅಪ್ಪಅಮ್ಮಂದಿರ ಮುಂದೆ ಅಲ್ಲ. ಮರ, ಗೋದಲಿ, ಚರ್ಚಿಗೆ ಹೋಗುವುದು, ಊಟಕ್ಕೆ ಮುಂಚಿನ ಪ್ರಾರ್ಥನೆ, ಮಕ್ಕಳಿಗೆ ಉಡುಗೊರೆ, ನೆಂಟರ ಮನೆ: ಒಂದೊಂದಕ್ಕೂ ‘ಮಾಡೋಣ’, ‘ಬೇಡ’, ‘ನೀನು ಮಾಡು, ನಾನು ಜೊತೆಗಿರುತ್ತೇನೆ’ ಎಂಬ ಮೂರರಲ್ಲಿ ಒಂದನ್ನು ಬರೆದುಕೊಳ್ಳಿ. ಮೂರನೆಯದೇ ಹೆಚ್ಚು ಸಲ ಕೈಹಿಡಿಯುತ್ತದೆ. ಹಿರಿಯರಿಗೆ ತೀರ್ಮಾನ ತಿಳಿಸುವಾಗ ಅವರವರ ಮಕ್ಕಳೇ ತಿಳಿಸಲಿ. ಸೊಸೆಯೋ ಅಳಿಯನೋ ಹೇಳಿದರೆ ಅದೇ ಮಾತು ಬೇರೆ ರೀತಿ ಕೇಳಿಸುತ್ತದೆ. ಮಕ್ಕಳಿಗೆ ಇಬ್ಬರೂ ಒಂದೇ ಉತ್ತರ ಕೊಡಿ: ‘ಅಮ್ಮ ಹೀಗೆ ನಂಬುತ್ತಾಳೆ, ಅಪ್ಪ ಹಾಗೆ ನಂಬುತ್ತಾರೆ.’

ಮಾತು, ವಾದ, ಕ್ಷಮೆ

ಹಬ್ಬ ಆಚರಿಸುತ್ತಾರೆಂದು ಗೊತ್ತಿದ್ದವರಿಗೆ ‘ಕ್ರಿಸ್‌ಮಸ್ ಹಬ್ಬದ ಶುಭಾಶಯಗಳು’ ಎಂದು ಧಾರಾಳವಾಗಿ ಹೇಳಿ. ಗೊತ್ತಿಲ್ಲದಿದ್ದರೆ ‘ರಜೆ ಚೆನ್ನಾಗಿ ಕಳೆಯಿರಿ’ ಸಾಕು. ನೀವು ಆಚರಿಸದಿದ್ದರೂ ಯಾರಾದರೂ ಶುಭ ಕೋರಿದರೆ ‘ಥ್ಯಾಂಕ್ಸ್, ನಿಮ್ಮ ಹಬ್ಬ ಚೆನ್ನಾಗಿ ಆಗಲಿ’ ಎಂದರೆ ನಿಮ್ಮ ನಿಲುವೂ ಉಳಿಯಿತು, ಅವರ ಸಂತೋಷವೂ ಉಳಿಯಿತು. ಅಲ್ಲೇ ನಿಂತು ತಿದ್ದುವ ಅಗತ್ಯವಿಲ್ಲ.

ಪ್ರತಿವರ್ಷ ಊಟದ ಮೇಜಿನಲ್ಲಿ ಯಾರಾದರೊಬ್ಬರು ಎತ್ತುವ ವಿಷಯ ಒಂದಿದೆ: ‘ಡಿಸೆಂಬರ್ 25 ಯೇಸು ಹುಟ್ಟಿದ ದಿನವೇ ಅಲ್ಲ, ಅದು ರೋಮಿನ ಸೂರ್ಯದೇವನ ಹಬ್ಬ.’ ಸಂಗತಿ ಇಷ್ಟು. ಬೈಬಲ್ ತಾರೀಖು ಹೇಳುವುದಿಲ್ಲ. ಡಿಸೆಂಬರ್ 25ರ ಆಚರಣೆಯ ಹಳೆಯ ಉಲ್ಲೇಖ ಸಿಗುವುದು 4ನೇ ಶತಮಾನದ ರೋಮಿನಲ್ಲಿ. ಸೂರ್ಯನ ಹಬ್ಬದಿಂದ ಬಂತು ಎಂದು ಕೆಲವು ವಿದ್ವಾಂಸರು, ಮಾರ್ಚ್ 25ಕ್ಕೆ ಗರ್ಭಧಾರಣೆಯಾಯಿತೆಂಬ ನಂಬಿಕೆಗೆ ಒಂಬತ್ತು ತಿಂಗಳು ಕೂಡಿಸಿದ ಲೆಕ್ಕ ಎಂದು ಇನ್ನು ಕೆಲವರು ಹೇಳುತ್ತಾರೆ. ಇದು ಕ್ರೈಸ್ತರಿಗೆ ಗೊತ್ತಿಲ್ಲದ ಗುಟ್ಟೇನಲ್ಲ, ತಾರೀಖು ತಪ್ಪಿದರೆ ಅವರ ನಂಬಿಕೆ ಬೀಳುವುದೂ ಇಲ್ಲ. ಆಸಕ್ತಿಯಿದ್ದರೆ ಫೆಬ್ರವರಿಯಲ್ಲಿ ಚರ್ಚಿಸಿ. ಹಬ್ಬದ ದಿನ ಅವರ ಮನೆಯಲ್ಲೇ ಕೂತು ಇದನ್ನು ಎತ್ತುವುದು ಇತಿಹಾಸದ ಮೇಲಿನ ಪ್ರೀತಿಯಿಂದಂತೂ ಅಲ್ಲ.

ಇಷ್ಟೆಲ್ಲ ಜಾಗ್ರತೆ ವಹಿಸಿದರೂ ಒಂದಲ್ಲ ಒಂದು ಎಡವಟ್ಟು ಆಗುತ್ತದೆ. ಆಗ ಗುಂಪಿನ ಮುಂದೆ ಉದ್ದದ ಕ್ಷಮೆ ಕೇಳಬೇಡಿ. ನೊಂದವರು ನಿಮ್ಮನ್ನೇ ಸಮಾಧಾನ ಮಾಡಬೇಕಾಗುತ್ತದೆ. ಅವರೊಬ್ಬರನ್ನೇ ಕಂಡು ಎರಡು ಮಾತು ಹೇಳಿ: ‘ಕೇಕಿನಲ್ಲಿ ರಮ್ ಇತ್ತು, ಚೀಟಿ ಇಡಲಿಲ್ಲ, ತಪ್ಪು ನಮ್ಮದು. ಉಳಿದ ತಿನಿಸುಗಳ ಪಟ್ಟಿ ಇಲ್ಲಿದೆ, ನೋಡಿಕೊಳ್ಳಿ.’ ತಿಂದದ್ದಕ್ಕೆ ಅವರ ಧರ್ಮದಲ್ಲಿ ಏನು ಪರಿಹಾರ ಎಂಬುದು ಅವರಿಗೆ ಬಿಟ್ಟದ್ದು. ‘ಗೊತ್ತಿಲ್ಲದೆ ತಿಂದರೆ ದೋಷವಿಲ್ಲ’ ಎಂಬ ತೀರ್ಪು ನೀವು ಕೊಡಬೇಡಿ. ಗ್ರೂಪಿಗೆ ಹಾಕಿದ ಫೋಟೊ ಬೇಡ ಎಂದರೆ ‘ಚೆನ್ನಾಗೇ ಬಂದಿದೆಯಲ್ಲ’ ಎನ್ನದೆ ಅಳಿಸಿ, ಉಳಿದವರಿಗೂ ಅಳಿಸಲು ಹೇಳಿ. ಯಾರು ಕೇಳಿದರು ಎಂಬ ಹೆಸರು ಹೊರಗೆ ಬರುವುದು ಬೇಡ.